ಕೊಬ್ಬರಿಯ ಸೀಮೆಯಲ್ಲಿ ಅನ್ನದ ಪ್ರಶ್ನೆ

ಬೆಂಗಳೂರಿನಿಂದ ಹೊರಟ ರೈಲು ಗುಬ್ಬಿಯನ್ನು ಬಿಟ್ಟು ನಿಟ್ಟೂರು, ಸಂಪಿಗೆ ರೋಡ್, ಬಾಣಸಂದ್ರಗಳನ್ನು ಒಂದೊಂದಾಗಿ ದಾಟುತ್ತ ಬಂದಂತೆ ಕಿಟಕಿಯ ಹೊರಗಣ ನೋಟ ಬದಲಾಗುವುದನ್ನು ಈ ಹಾದಿಯಲ್ಲಿ ಪ್ರಯಾಣ ಮಾಡಿದವರೆಲ್ಲರೂ ಬಲ್ಲರು. ಕಲ್ಲುಗುಡ್ಡ, ಕುರುಚಲು ಗಿಡ, ಬೇಸಗೆಯಲ್ಲಿ ಬಣ್ಣಗೆಟ್ಟ ಬೆದ್ದಲು ಹೊಲ, ಇವುಗಳ ನಡುವೆ ತೆಂಗಿನ ತೋಟಗಳು ತಲೆಯೆತ್ತುತ್ತವೆ. ತಿಪಟೂರು ಬರುವ ವೇಳೆಗೆ ಎಡಬಲಗಳಲ್ಲಿ ಗರಿಗಳ ಹೊರತು ಬೇರೊಂದು ಕಾಣದು. ಕಡಲು ಇಲ್ಲಿಗೆ ಬಹು ದೂರ. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಎತ್ತರದ ಬಯಲಿದು. ಬೀಳುವ ಮಳೆಯೂ ಅಷ್ಟಕ್ಕಷ್ಟೆ. ಆದರೂ ಕಡಲಂಚಿನ ಮರವೆಂದು ಹೆಸರಾದ ತೆಂಗು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ತನ್ನ ತವರು ಮಾಡಿಕೊಂಡಿದೆ. ಪರಸ್ಥಳದ ಮಿತ್ರರು ಬಂದಾಗ, ‘ನೀವು ಪುಣ್ಯವಂತರು, ಕಲ್ಪವೃಕ್ಷದ ನೆರಳಿನಲ್ಲಿದ್ದೀರಿ’ ಎನ್ನುವುದುಂಟು. ನಾವು ಅದನ್ನು ಕೇಳಿ ಸುಖಪಡುವುದೂ ಉಂಟು. ಅವರಿಗೆ ಎಳನೀರು ಕೊಟ್ಟು ಊಟಕ್ಕೆ ಕುಳ್ಳಿರಿಸಿದ ಮೇಲೆ, ಎಲೆಗೆ ಬಡಿಸಿದ ಅನ್ನ ಯಾವ ಊರಿನದೆಂದು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ಆ ಅಕ್ಕಿ ಗಂಗಾವತಿಯ ಕಡೆಯದು. ನ್ಯಾಯಬೆಲೆ ಅಂಗಡಿಯದಾದರೆ ಇನ್ನೂ ದೂರದ್ದು. ಸಾರಿಗೆ ಬೆಂದ ತೊಗರಿ ಕಲಬುರಗಿಯದು. ಚಪಾತಿಯ ಗೋಧಿ ಉತ್ತರ ದೇಶದ್ದು. ಇವುಗಳಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಎಲ್ಲ ಊರೂ ಎಲ್ಲವನ್ನೂ ಬೆಳೆಯಲಾರದು. ಆದರೆ ರಾಗಿ? ಅದೊಂದಾದರೂ ನಮ್ಮದಾಗಿತ್ತು. ಈಗ ಅದನ್ನೂ ಚೀಲದ ಲೆಕ್ಕದಲ್ಲಿ ಅಂಗಡಿಯಿಂದ ತರುವ ಮನೆಗಳು ಪೇಟೆಯಲ್ಲಲ್ಲ, ಹಳ್ಳಿಗಳಲ್ಲೇ ಹೆಚ್ಚುತ್ತಿವೆ. ನಾನು ಹೇಳಹೊರಟಿರುವುದು ಈ ಒಂದು ಮಾತನ್ನು.

ಸುತ್ತಲೂ ನೀರಿರುವ ನೆಲಕ್ಕೆ ದ್ವೀಪವೆಂದು ಹೆಸರೆಂಬುದಾಗಿ ಭೂಗೋಳದಲ್ಲಿ ಓದಿದ್ದೇವೆ. ಅನ್ನದ ದೃಷ್ಟಿಯಿಂದ ನೋಡಿದರೆ ದ್ವೀಪದ ಲಕ್ಷಣ ಬೇರೆ. ಒಂದೇ ಒಂದು ಪದಾರ್ಥವನ್ನು ಬೆಳೆದು, ಅದನ್ನು ಹೊರಗೆ ಮಾರಿ, ತಿನ್ನುವುದನ್ನೆಲ್ಲ ಹೊರಗಿನಿಂದ ತರಿಸಿಕೊಳ್ಳುವ ನೆಲ ಯಾವುದೋ ಅದು ದ್ವೀಪ. ಅದರ ಸುತ್ತ ನೀರಿರಬಹುದು, ಇಲ್ಲದಿರಬಹುದು. ಈ ಲಕ್ಷಣವನ್ನೊಪ್ಪಿದರೆ ನಮ್ಮ ಮೂರು ತಾಲ್ಲೂಕುಗಳು ದ್ವೀಪವಾಗುವ ಹಾದಿಯಲ್ಲಿ ಬಹು ದೂರ ನಡೆದಿವೆ. ಆದುದರಿಂದ ನಿಜವಾದ ದ್ವೀಪಗಳ ಪಾಡನ್ನು ಒಮ್ಮೆ ವಿಚಾರಿಸುವುದು ಅಪ್ರಸ್ತುತವಾಗಲಾರದು. ಅವೂ ತೆಂಗಿನ ನಾಡುಗಳೇ.

ಮಾಲ್ದೀವಿನ ದ್ವೀಪಗಳಲ್ಲಿ ತೆಂಗುಂಟು, ಮೀನುಂಟು, ಅಕ್ಕಿಯಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ಕೆಲಕಾಲ ನ್ಯಾಯಾಧಿಪತಿಯಾಗಿದ್ದ ಯಾತ್ರಿಕ ಇಬ್ನ್ ಬತೂತ, ಆ ಜನರು ತೆಂಗಿನಿಂದ ಮಾಡಿಕೊಳ್ಳುತ್ತಿದ್ದ ಬಗೆಬಗೆಯ ಆಹಾರವನ್ನೂ ಹೊರದೇಶಗಳಿಗೆ ಹೋಗುತ್ತಿದ್ದ ನಾರಿನ ಹಗ್ಗವನ್ನೂ ವರ್ಣಿಸಿ, ಅವರು ಕವಡೆಯನ್ನು ಕೊಟ್ಟು ಬಂಗಾಳದ ಅಕ್ಕಿಯನ್ನು ಪಡೆಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆರು ಶತಮಾನಗಳ ಮೇಲೆ ಎಪ್ಪತ್ತು ಎಂಬತ್ತು ವರ್ಷ ಕಳೆದರೂ ಸ್ಥಿತಿ ಮೂಲತಃ ಬದಲಾಗಿಲ್ಲ. ಕವಡೆಯ ಜಾಗಕ್ಕೆ ಪ್ರವಾಸಿಗಳ ಹಣ ಬಂದಿದೆ, ಅಷ್ಟೆ. ೨೦೨೩ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮಾಲ್ದೀವಿಗೆ ಮಾತ್ರ ೧೯೮೧ರಿಂದ ನಡೆದುಬಂದ ಒಂದು ಏರ್ಪಾಟಿನ ಮೇರೆಗೆ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಮೊಟ್ಟೆಗಳು ಗೊತ್ತಾದ ಪ್ರಮಾಣದಲ್ಲಿ ಹೋಗುತ್ತವೆ. ಎರಡು ದೇಶಗಳ ನಡುವೆ ಮನಸ್ತಾಪ ತಲೆದೋರಿದ್ದ ೨೦೨೪ರಲ್ಲೂ ನಮ್ಮವರು ಆ ಪ್ರಮಾಣವನ್ನು ತಗ್ಗಿಸಲಿಲ್ಲ, ಹೆಚ್ಚಿಸಿದರು. ಅದು ನಮ್ಮ ದೇಶದ ಔದಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಆಜ್ಞಾಪತ್ರ ಹೊರಡುವವರೆಗೂ ಮಾಲೆಯ ಗೃಹಿಣಿಯೊಬ್ಬಳ ಮನಸ್ಸು ಹೇಗಿದ್ದಿರಬಹುದು? ದೆಹಲಿಯಲ್ಲಿ ಯಾರೋ ಸಹಿ ಹಾಕಿದರೆ ಇಲ್ಲಿ ಒಲೆಯ ಮೇಲೆ ಎಸರು.

ಸಿಂಹಳದ ಕಥೆ ಇದಕ್ಕಿಂತ ದೀರ್ಘವಾದುದು, ನಮಗೆ ಹೆಚ್ಚು ಹತ್ತಿರವಾದುದೂ ಹೌದು. ಬ್ರಿಟಿಷರು ಅಲ್ಲಿ ಗುಡ್ಡಗುಡ್ಡಗಳನ್ನೇ ಕಾಫಿಯ ತೋಟ ಮಾಡಿದರು. ೧೮೬೯ರಲ್ಲಿ ಕಾಣಿಸಿಕೊಂಡ ಎಲೆರೋಗ ಕೆಲವೇ ವರ್ಷಗಳಲ್ಲಿ ಅದನ್ನು ಬೂದಿ ಮಾಡಿತು. ಆಮೇಲೆ ಟೀ ಬಂತು, ರಬ್ಬರು ಬಂತು. ತೆಂಗಂತೂ ಇದ್ದೇ ಇತ್ತು. ಮೂರನ್ನೂ ಮಾರಿ ಬರ್ಮಾ ದೇಶದ ಅಕ್ಕಿಯನ್ನು ಕೊಂಡರು. ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಆ ಅಕ್ಕಿಯ ಹಡಗುಗಳು ನಿಂತುಹೋದುವು. ಸ್ವಾತಂತ್ರ್ಯ ಬಂದ ಮೇಲೂ ಸಂಕಟ ತಪ್ಪಲಿಲ್ಲ: ೧೯೫೨ರಲ್ಲಿ ರಬ್ಬರನ್ನು ಕೊಟ್ಟು ಚೀನದಿಂದ ಅಕ್ಕಿ ತರುವ ಒಪ್ಪಂದ, ೧೯೫೩ರ ಆಗಸ್ಟಿನಲ್ಲಿ ಪಡಿತರ ಅಕ್ಕಿಯ ಬೆಲೆ ಏರಿಸಿದರೆಂದು ದೇಶವ್ಯಾಪಿ ಹರತಾಳ, ಅದರ ಫಲವಾಗಿ ಪ್ರಧಾನಿ ಡಡ್ಲಿ ಸೇನಾನಾಯಕರ ರಾಜೀನಾಮೆ. ಇಷ್ಟು ಪೆಟ್ಟು ತಿಂದ ಮೇಲೆ ಆ ದೇಶ ಎಚ್ಚತ್ತು, ಕೆರೆ ಕಾಲುವೆಗಳನ್ನು ಸರಿಪಡಿಸಿಕೊಂಡು, ಹಲವು ದಶಕಗಳ ದುಡಿಮೆಯಿಂದ ಅಕ್ಕಿಯ ಮಟ್ಟಿಗೆ ಬಹುಪಾಲು ತನ್ನ ಕಾಲ ಮೇಲೆ ನಿಂತಿತು. ಹಾಗೆ ನಿಂತದ್ದನ್ನು ೨೦೨೧ರ ಒಂದು ಆಜ್ಞೆ ಅಲುಗಿಸಿಬಿಟ್ಟಿತು. ಆ ವರ್ಷ ರಾಸಾಯನಿಕ ಗೊಬ್ಬರದ ಆಮದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು; ನವೆಂಬರಿನ ವೇಳೆಗೆ ತಪ್ಪನ್ನರಿತು ಹಿಂದೆಗೆದರು; ಅಷ್ಟರಲ್ಲಿ ಬತ್ತದ ಬೆಳೆ ಕುಸಿದಿತ್ತು. ವಿದೇಶೀ ಹಣವೂ ಮುಗಿದುಹೋಗಿ ೨೦೨೨ರ ಏಪ್ರಿಲಿನಲ್ಲಿ ಸಾಲ ತೀರಿಸಲಾರೆವೆಂದು ಒಪ್ಪಿಕೊಂಡರು. ಜುಲೈ ತಿಂಗಳಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು. ಇದನ್ನು ಕೆಲವರು ಸಾವಯವ ಕೃಷಿಗೆ ವಿರುದ್ಧವಾದ ದೃಷ್ಟಾಂತವೆಂದು ಎತ್ತಿ ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಗೊಬ್ಬರ ಯಾವುದೇ ಇರಲಿ, ಊರಿನ ಅನ್ನವನ್ನು ಒಂದು ಆಜ್ಞೆಗೆ, ಒಂದು ಬೆಲೆಗೆ, ಒಂದು ಹಡಗಿಗೆ ಕಟ್ಟಿಹಾಕಿದರೆ ಆ ಕಟ್ಟು ಬಿಚ್ಚಿದ ದಿನ ಏನಾಗುತ್ತದೆಂಬುದೇ ಅಲ್ಲಿ ಕಾಣುವುದು.

‘ನಮಗೂ ಅದಕ್ಕೂ ಏನು ಸಂಬಂಧ? ನಾವು ದೊಡ್ಡ ದೇಶದೊಳಗೆ ಇದ್ದೇವೆ. ಲಾರಿ ಓಡುತ್ತದೆ, ರೈಲು ಓಡುತ್ತದೆ’ ಎನ್ನುವವರಿದ್ದಾರೆ. ಅವರಿಗೆ ೨೦೨೩ನೆಯ ವರ್ಷವನ್ನು ನೆನಪಿಸಬೇಕು. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಅದೇ ವರ್ಷ, ಹಿಂದೆ ಕ್ವಿಂಟಲಿಗೆ ಹದಿನೈದು ಸಾವಿರವನ್ನು ಮೀರಿದ್ದ ಉಂಡೆಕೊಬ್ಬರಿಯ ಬೆಲೆ ನಮ್ಮ ತಿಪಟೂರಿನ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ೧೧,೭೫೦ ರೂಪಾಯಿ. ಅದೇ ವರ್ಷವೇ ರಾಜ್ಯ ಸರ್ಕಾರ ‘ಅನ್ನಭಾಗ್ಯ’ದ ಹೆಚ್ಚಿನ ಐದು ಕಿಲೊ ಅಕ್ಕಿಯನ್ನು ಕೊಡಹೊರಟಾಗ, ಕೇಂದ್ರದ ಉಗ್ರಾಣದಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಲಾಗಿತ್ತು. ಹಣ ಕೊಡುತ್ತೇವೆಂದರೂ ಅಕ್ಕಿ ಹುಟ್ಟಲಿಲ್ಲ. ಕೊನೆಗೆ ಕಿಲೊಗೆ ೩೪ ರೂಪಾಯಿನಂತೆ, ತಲೆಗೆ ೧೭೦ ರೂಪಾಯಿಯನ್ನು ಜನರ ಬ್ಯಾಂಕಿನ ಖಾತೆಗೆ ಹಾಕಿದರು. ರಾಜಕೀಯ ಪಕ್ಷಗಳು ಇದಕ್ಕೆ ಪರಸ್ಪರ ಕೊಟ್ಟುಕೊಂಡ ಕಾರಣಗಳ ವಿಚಾರ ಇಲ್ಲಿ ಬೇಡ. ಒಂದು ರಾಜ್ಯ ಸರ್ಕಾರಕ್ಕೇ ದುಡ್ಡು ಕೈಯಲ್ಲಿದ್ದೂ ಅಕ್ಕಿ ಸಿಗದ ಕಾಲ ಬರಬಹುದಾದರೆ, ಅಟ್ಟದ ಮೇಲೆ ಕೊಬ್ಬರಿಯನ್ನಿಟ್ಟುಕೊಂಡು ಬೆಲೆಗಾಗಿ ಕಾಯುವ ಮೂರೆಕರೆಯ ರೈತನ ಗತಿಯೇನು? ಮಳೆಯಿಲ್ಲ, ಬೆಲೆಯಿಲ್ಲ, ಅಕ್ಕಿಯಿಲ್ಲ. ಮೂರೂ ಒಂದೇ ವರ್ಷದಲ್ಲಿ ಒಟ್ಟಿಗೆ ಬಂದುವು. ಹಾಗೆ ಬರಲಾರವೆಂದು ಇನ್ನು ಯಾರೂ ಹೇಳುವಂತಿಲ್ಲ.

ಅಟ್ಟದ ಮಾತು ಬಂದುದರಿಂದ, ಪರಸ್ಥಳದ ವಾಚಕರಿಗಾಗಿ ನಮ್ಮ ಕೊಬ್ಬರಿಯ ಸಂಗತಿಯನ್ನು ಕೊಂಚ ವಿವರಿಸಬೇಕು. ಕರಾವಳಿಯಲ್ಲಿ ಕಾಯನ್ನು ಒಡೆದು ಬಿಸಿಲಿಗೋ ಹೊಗೆಗೋ ಹಾಕಿ ಒಣಗಿಸುತ್ತಾರೆ. ಅದು ಎಣ್ಣೆಗೆ ಹೋಗುವ ಕೊಬ್ಬರಿ. ನಮ್ಮದು ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಒಣಗಿ ಕರಟವನ್ನು ಬಿಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಆಮೇಲೆ ಸುಲಿದು, ಒಡಕು ಬಾರದಂತೆ ಕರಟವನ್ನು ಬಿಡಿಸಿ, ಇಡಿಯ ಉಂಡೆಯನ್ನು ತೆಗೆಯಬೇಕು. ಇದು ಸಾಮಾನ್ಯವಾದ ಕೈಚಳಕವಲ್ಲ. ಹೆಂಗಸರು ಕುಳಿತಲ್ಲೇ ಒಂದರ ಮೇಲೊಂದನ್ನು ಒಡೆಯುವುದನ್ನು ನೋಡುವುದೇ ಒಂದು ಸೊಗಸು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಈ ಊರಿಗೆ ಬಂದಮೇಲೆ ಈ ಉಂಡೆಗೆ ಉತ್ತರ ಹಿಂದೂಸ್ಥಾನದ ದಾರಿ ತೆರೆಯಿತು. ಅಲ್ಲಿ ಅದು ಹಬ್ಬಕ್ಕೆ, ಪೂಜೆಗೆ, ಮದುವೆಗೆ, ಚಳಿಗಾಲದ ತಿಂಡಿಗೆ. ಹೀಗೆ ನಮ್ಮ ಒಂದು ವರ್ಷದ ಅನ್ನ ದೂರದ ಊರುಗಳ ಹಬ್ಬದ ಸಡಗರವನ್ನು ಅವಲಂಬಿಸಿದೆ! ಅಲ್ಲಿ ವ್ಯಾಪಾರ ಮಂಕಾದರೆ ಇಲ್ಲಿ ಮದುವೆಗಳು ಮುಂದಕ್ಕೆ ಹೋಗುತ್ತವೆ.

ಕೊಬ್ಬರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳಿದರೆ ಉಂಡ ಮನೆಗೆ ಎರಡೆಣಿಸಿದಂತಾದೀತು. ನನ್ನ ಎಂ.ಎ. ಪದವಿಯ ಖರ್ಚನ್ನು ಕೊಟ್ಟದ್ದು ಅಟ್ಟವೇ. ಈ ಸೀಮೆಯ ಶಾಲೆ ಕಾಲೇಜು, ವಿದ್ಯಾರ್ಥಿನಿಲಯ, ಬ್ಯಾಂಕು, ಬಟ್ಟೆಯಂಗಡಿ ಎಲ್ಲದರ ಅಡಿಪಾಯದಲ್ಲೂ ಕೊಬ್ಬರಿಯಿದೆ. ರಾಗಿಯ ಹೊಲವೊಂದನ್ನೇ ನಂಬಿದ್ದರೆ ನಮ್ಮ ತಂದೆ ಮಗನನ್ನು ಓದಿಸುತ್ತಿರಲಿಲ್ಲ. ಆದರೆ ಅವರು ರಾಗಿಯ ಹೊಲವನ್ನು ಬಿಟ್ಟವರೂ ಅಲ್ಲ. ಕೆರೆಯ ಹಿಂದೆ ತೋಟ, ಕೆರೆಯ ಮೇಲೆ ಹೊಲ. ತೋಟ ದುಡ್ಡಿಗೆ, ಹೊಲ ಹೊಟ್ಟೆಗೆ ಎಂದು ಹಿರಿಯರು ಒಂದು ಗಡಿ ಹಾಕಿಕೊಂಡಿದ್ದರು. ಆ ಗಡಿಯನ್ನು ಅವರು ಯಾವ ಗ್ರಂಥದಲ್ಲೂ ಓದಿದ್ದಲ್ಲ. ೧೮೭೬–೭೮ರ ಧಾತು ಈಶ್ವರ ಸಂವತ್ಸರಗಳ ಬರದ ಕಥೆಗಳನ್ನು ಅಜ್ಜಿಯರ ಬಾಯಿಂದ ಕೇಳಿದವರ ಮಕ್ಕಳು ಅವರು. ೧೮೭೧ರಲ್ಲಿ ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅಂಥ ಕಥೆ ಕೇಳಿದವನು ಹೊಲವನ್ನು ಸುಲಭವಾಗಿ ಕೈಬಿಡಲಾರ.

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಲಂಕೆಯಿಂದ ಹಿಂದಿರುಗುವ ರಾಮನ ಮುಂದೆ ವ್ರೀಹಿಗೂ ನರೆದಲೆಗನಿಗೂ, ಎಂದರೆ ಬತ್ತಕ್ಕೂ ರಾಗಿಗೂ, ವಾದ ನಡೆಯುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಹೊರಗೆ ತೆಗೆದಾಗ ಬತ್ತ ಸೊರಗಿದೆ, ರಾಗಿ ಮೊದಲಿನಂತೆಯೇ ಇದೆ. ಬಡವರ ಧಾನ್ಯದ ಗೆಲುವೆಂದು ಇದನ್ನು ವಿಮರ್ಶಕರು ವಿವರಿಸುತ್ತಾರೆ, ಸರಿಯೇ. ಆದರೆ ಪರೀಕ್ಷೆ ಯಾವುದೆಂಬುದನ್ನು ಗಮನಿಸಬೇಕು. ರಾಮ ರುಚಿಯನ್ನು ನೋಡಲಿಲ್ಲ, ಬಣ್ಣವನ್ನು ನೋಡಲಿಲ್ಲ, ಬೆಲೆಯನ್ನಂತೂ ಕೇಳಲೇ ಇಲ್ಲ. ಕತ್ತಲಲ್ಲಿ ಎಷ್ಟು ಕಾಲ ಕೆಡದೆ ಇರಬಲ್ಲೆ ಎಂದು ನೋಡಿದ. ಇದು ಹಗೇವನ್ನು ಬಲ್ಲ ಕವಿಯ ತೀರ್ಪು.

ಹಗೇವೆಂದರೆ ಈಗಿನ ಹುಡುಗರು ಕಣ್ಣರಳಿಸುತ್ತಾರೆ. ಗಟ್ಟಿಯಾದ ನೆಲದಲ್ಲಿ ಹೂಜಿಯ ಆಕಾರಕ್ಕೆ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ವರ್ಷಗಟ್ಟಲೆ ಇಟ್ಟರೂ ಹುಳು ಮುಟ್ಟುತ್ತಿರಲಿಲ್ಲ. ನಮ್ಮೂರಿನ ಹಗೇವುಗಳ ಮೇಲೆ ಈಗ ಕಾಂಕ್ರೀಟಿನ ರಸ್ತೆಯಿದೆ. ಅಟ್ಟವೂ ಕೂಡಿಡುವ ಜಾಗವೇ ಎಂದು ಯಾರಾದರೂ ಹೇಳಬಹುದು. ಹೌದು, ಆದರೆ ಅಟ್ಟದ ಕಾಯಿಯನ್ನು ಮಾರಿದಲ್ಲದೆ ಉಣ್ಣುವಂತಿಲ್ಲ. ಹಗೇವಿನ ರಾಗಿಗೆ ಬೀಸುವ ಕಲ್ಲಿನ ಹೊರತು ಬೇರೆಯವರ ಅಪ್ಪಣೆ ಬೇಕಾಗಿರಲಿಲ್ಲ.

ಇದು ಬರಿಯ ಹಳೆಯ ಕಾಲದ ಹಂಬಲವಲ್ಲವೆಂಬುದಕ್ಕೆ ನಮ್ಮ ಮನೆಯದೇ ಒಂದು ಸಂದರ್ಭವನ್ನು ಹೇಳಬಹುದು. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಒಂದೆರಡು ವರ್ಷಗಳಲ್ಲೇ ನಮ್ಮ ತೋಟಗಳಿಗೂ ಬಂತು. ಬರಿಗಣ್ಣಿಗೆ ಕಾಣದ ಆ ನುಸಿ ಎಳೆಯ ಕಾಯಿಯ ತೊಟ್ಟಿನಡಿಯಲ್ಲಿ ಸೇರಿ ರಸ ಹೀರುತ್ತಿತ್ತು. ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆ ಬಿರುಕು ಬಿಟ್ಟು, ಮುಷ್ಟಿಯಷ್ಟೇ ಆಗಿ ಉಳಿಯುತ್ತಿದ್ದುವು. ಆಗ ನಾನು ಪದವಿಯ ತರಗತಿಯಲ್ಲಿದ್ದೆ. ರಜೆಗೆ ಬಂದಾಗ ಅಟ್ಟದ ಏಣಿಯ ಮೇಲೆ ಜೇಡರ ಬಲೆ ಕಟ್ಟಿತ್ತು, ಹತ್ತುವವರಿರಲಿಲ್ಲ. ಆ ಎರಡು ವರ್ಷ ಮನೆಯಲ್ಲಿ ಹೊಸ ಬಟ್ಟೆ ಬರಲಿಲ್ಲ, ನನ್ನ ಶುಲ್ಕಕ್ಕೆ ಸಾಲವಾಯಿತು. ಆದರೆ ಮುದ್ದೆಗೆ ಕೊರತೆಯಾಗಲಿಲ್ಲ. ಹೊಲದ ರಾಗಿ, ಅಕ್ಕಡಿಯ ಅವರೆ, ಮುಂಗಾರಿಗೆ ಮುಂಚೆ ಬಿತ್ತಿದ ಹೆಸರು, ಹುಚ್ಚೆಳ್ಳಿನ ಚಟ್ನಿ, ಇಷ್ಟರಲ್ಲೇ ಸಂಸಾರ ನಡೆಯಿತು. ನುಸಿ ಬಂದು ಹೋಯಿತು. ಆಮೇಲೆ ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ೨೦೧೬ರ ನಂತರ ಬಿಳಿನೊಣ. ಮರ ಒಂದೇ ಜಾತಿಯದಾದರೆ ರೋಗಕ್ಕೆ ಹಾದಿ ಕೇಳಬೇಕಾಗಿಲ್ಲ. ಒಂದು ತೋಟದಿಂದ ಇನ್ನೊಂದಕ್ಕೆ ಗರಿಯಿಂದ ಗರಿಗೆ ನಡೆದೇ ಬರುತ್ತದೆ. ಸಿಂಹಳದ ಕಾಫಿಗೆ ಆದದ್ದೂ ಅದೇ ಅಲ್ಲವೆ?

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕವಿಲ್ಲದ ಉಪದೇಶವನ್ನು ರೈತ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೂವತ್ತಡಿಗೊಂದರಂತೆ ನೆಟ್ಟರೆ ಎಕರೆಗೆ ನಲವತ್ತೆಂಟು ತೆಂಗು. ಮರಕ್ಕೆ ಐವತ್ತು ಕಾಯಿ, ಆರೇಳು ಕಾಯಿಗೆ ಒಂದು ಕಿಲೊ ಕೊಬ್ಬರಿ ಎಂದಿಟ್ಟುಕೊಂಡರೆ ಸುಮಾರು ಮೂರೂವರೆ ಕ್ವಿಂಟಲು. ೨೦೨೩ರ ಎಂಟು ಸಾವಿರದ ಬೆಲೆಗೆ ಅದು ೨೮,೦೦೦ ರೂಪಾಯಿ. ಮಳೆ ಒದಗಿದ ಹೊಲದಲ್ಲಿ ಆರೇಳು ಕ್ವಿಂಟಲು ರಾಗಿ ಬಂದರೆ, ಆ ವರ್ಷದ ಬೆಂಬಲ ಬೆಲೆ ೩,೮೪೬ ರೂಪಾಯಿನಂತೆ ೨೫,೦೦೦ ರೂಪಾಯಿಯ ಆಸುಪಾಸು. ಅಂದರೆ ಹೆಚ್ಚುಕಡಿಮೆ ಸರಿಸಮ. ೨೦೨೫ರಲ್ಲಿ ಕೊಬ್ಬರಿ ಇಪ್ಪತ್ತು ಸಾವಿರವನ್ನು ದಾಟಿ ಇನ್ನೂ ಮೇಲಕ್ಕೆ ಏರಿತು. ತೋಟದ ಎಕರೆ ಎಪ್ಪತ್ತು ಸಾವಿರವನ್ನು ಮೀರಿತು. ೨೦೨೫–೨೬ಕ್ಕೆ ೪,೮೮೬ ರೂಪಾಯಿಯಾದ ರಾಗಿ ಅದರ ಅರ್ಧಕ್ಕೂ ಬರಲಿಲ್ಲ. ಎರಡು ವರ್ಷಗಳ ಹಿಂದೆ ಬೆಂಬಲ ಬೆಲೆಯ ಖರೀದಿಗಾಗಿ ಸಾಲುನಿಂತು ಹಿಡಿಶಾಪ ಹಾಕುತ್ತಿದ್ದವರೇ ಸಸಿಗಾಗಿ ಸಾಲುನಿಂತರು. ಆಸೆ ತಪ್ಪಲ್ಲ. ಆದರೆ ಈ ಬೆಲೆಯನ್ನು ನೋಡಿ ಇಂದು ನೆಟ್ಟ ನಾಟಿತಳಿಯ ಸಸಿ ಫಸಲಿಗೆ ಬರಲು ಏಳೆಂಟು ವರ್ಷ ಬೇಕು. ಎಲ್ಲರೂ ನೆಟ್ಟದ್ದು ಒಟ್ಟಿಗೆ ಫಸಲಿಗೆ ಬಂದಾಗಿನ ಬೆಲೆಯನ್ನು ಬಲ್ಲವರು ಯಾರು?

ಇಲ್ಲೊಂದು ಸಮಾಧಾನವನ್ನು ಹೇಳುವುದುಂಟು: ಸಸಿಗಳ ನಡುವೆಯೇ ರಾಗಿ ಬಿತ್ತಿದರಾಯಿತು, ಹೊಲ ಎಲ್ಲಿ ಹೋಯಿತು ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ೧೯೧೬ರಿಂದ ತೆಂಗಿನ ಸಂಶೋಧನೆ ನಡೆದುಬಂದಿರುವ ಕಾಸರಗೋಡಿನ ವಿಜ್ಞಾನಿಗಳು, ತೆಂಗಿನ ಬೇರಿನ ಬಹುಭಾಗ ಬುಡದಿಂದ ಆರೇಳು ಅಡಿಯ ಸುತ್ತಿನಲ್ಲೇ ಇರುವುದೆಂದೂ ಉಳಿದ ನೆಲದಲ್ಲಿ ಬೇರೆ ಬೆಳೆ ತೆಗೆಯಬಹುದೆಂದೂ ತೋರಿಸಿಕೊಟ್ಟಿದ್ದಾರೆ. ಅವರೇ ಹೇಳಿರುವ ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ: ಮರಕ್ಕೆ ಸುಮಾರು ಎಂಟು ವರ್ಷವಾದ ಮೇಲೆ ಇಪ್ಪತ್ತೈದರವರೆಗೆ ನೆರಳು ದಟ್ಟವಾಗಿರುತ್ತದೆ, ಆ ಕಾಲದಲ್ಲಿ ಬಿಸಿಲು ಬೇಡುವ ಬೆಳೆ ಕೆಳಗೆ ಏಳದು. ರಾಗಿ ಬಿಸಿಲಿನ ಮಗು. ಮೊದಲ ಏಳು ವರ್ಷ ಅದು ಸಸಿಯ ನಡುವೆ ನಗುತ್ತದೆ. ಎಂಟನೆಯ ವರ್ಷ ಜೊಳ್ಳಾಗುತ್ತದೆ. ಹತ್ತನೆಯ ವರ್ಷ ಬಿತ್ತುವವನೇ ಇಲ್ಲ. ಆ ಹೊತ್ತಿಗೆ ಬಿತ್ತನೆಯ ಕೂರಿಗೆ ಗೆದ್ದಲು ಹಿಡಿದಿರುತ್ತದೆ, ಎತ್ತುಗಳನ್ನು ಮಾರಿ ಆಗಿರುತ್ತದೆ, ಮನೆಯ ಕಾಳು ಬೀಜ ಮುಗಿದಿರುತ್ತದೆ. ಹದಿನೇಳು ವರ್ಷದ ಮೇಲೆ ನೆರಳು ತೆಳುವಾದಾಗ ಬಿತ್ತನೆ ಬಲ್ಲವರು ಯಾರಿರುತ್ತಾರೆ?

ಹೊಲ ಹೋದರೆ ಹೊಲದವನಿಗೆ ಮಾತ್ರ ನಷ್ಟವಲ್ಲವೆಂಬುದನ್ನೂ ಹೇಳಬೇಕು. ತೋಟಕ್ಕೆ ಆಳು ಕಡಿಮೆ ಸಾಕು. ರಾಗಿಯ ಹೊಲದಲ್ಲಿ ಕಳೆ ಕೀಳುವುದರಿಂದ ಕಣದ ರಾಶಿಯವರೆಗೆ ಊರಿನ ಅರ್ಧ ಜನಕ್ಕೆ ಕೆಲಸವಿತ್ತು. ನೆಲವಿಲ್ಲದ ಮನೆಗೂ ಕೂಲಿಯ ರೂಪದಲ್ಲಿ ವರ್ಷದ ಕಾಳಿನ ಒಂದು ಪಾಲು ಸೇರುತ್ತಿತ್ತು. ಆ ಮನೆಗೆ ತೋಟದ ಬೆಲೆ ಏರಿದರೆ ಬಂದದ್ದೇನು? ರಾಗಿಹುಲ್ಲಿನ ಮೆದೆ ಹೋದಮೇಲೆ ದನ ಹೋಯಿತು. ದನ ಹೋದಮೇಲೆ ತೆಂಗಿನ ಬುಡಕ್ಕೆ ಹಾಕುವ ಗೊಬ್ಬರವನ್ನೂ ಲಾರಿಯಲ್ಲಿ ತರಿಸುತ್ತಿದ್ದೇವೆ. ಹೊಲ ತೋಟಕ್ಕೆ ಅನ್ನ ಹಾಕುತ್ತಿತ್ತೆಂಬುದು ನಮಗೆ ತಿಳಿದದ್ದು ತಡವಾಗಿ.

ಇಷ್ಟೆಲ್ಲ ನಿಜವಾದರೂ ರಾಗಿಯನ್ನು ಬಿಟ್ಟವರನ್ನು ನಾನು ದೂಷಿಸಲಾರೆ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಈ ಚರ್ಚೆ ನಡೆಯಿತು. ಕೆರೆಯ ಮೇಲಣ ಒಂದೂವರೆ ಎಕರೆ ನಮ್ಮ ಕೊನೆಯ ಹೊಲ. ಊರಿನಲ್ಲಿದ್ದು ಬೇಸಾಯ ನೋಡಿಕೊಳ್ಳುವ ತಮ್ಮ ಅದಕ್ಕೂ ತೆಂಗು ನೆಡಬೇಕೆಂದು ಸಸಿಗೆ ಹೇಳಿ ಬಂದಿದ್ದ. ನಾನು ಮೇಲೆ ಬರೆದದ್ದನ್ನೆಲ್ಲ ಅವನ ಮುಂದೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ‘ಅಣ್ಣ, ನೀನು ಕಾಲೇಜಿನಲ್ಲಿ ಕನಕದಾಸರ ಪಾಠ ಮಾಡ್ತೀಯ, ಸಂತೋಷ. ಕಳೆ ಕೀಳೋಕೆ ಹತ್ತು ಜನ ಹೆಣ್ಣಾಳನ್ನು ಕರಕೊಂಡು ಬಾ. ರಾತ್ರಿ ಹಂದಿ ಕಾಯೋಕೆ ಒಬ್ಬನನ್ನು ಕೊಡು. ಆಮೇಲೆ ನೋಡೋಣ’ ಎಂದ. ಅಮ್ಮ ರಾಗಿಯ ಪಕ್ಷವನ್ನು ಹಿಡಿಯುವಳೆಂದು ನಿರೀಕ್ಷಿಸಿದ್ದೆ. ಅವಳು, ‘ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿದ್ದು ಆ ಹೊಲದಲ್ಲೇ ಕಣಪ್ಪ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಗೇವಿನ ಸೊಗಸನ್ನು ಹೊಗಳುವ ನಮ್ಮಂಥವರ ಲೇಖನಗಳಲ್ಲಿ ಆ ಸೊಂಟದ ಲೆಕ್ಕ ಬರುವುದಿಲ್ಲ.

ಆದುದರಿಂದ ರಾಗಿ ಉಳಿಯಬೇಕೆನ್ನುವವರು ಮೊದಲು ಅದರ ದುಡಿಮೆಯನ್ನು ಹಗುರ ಮಾಡುವ ಮಾತನ್ನಾಡಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದು ಇಳುವರಿಯನ್ನು ಏರಿಸಿಕೊಟ್ಟರು. ಆ ಪ್ರಮಾಣದ ಬುದ್ಧಿಶ್ರಮ ಕಳೆ ಕೀಳುವ, ಕೊಯ್ಯುವ ಸಣ್ಣ ಯಂತ್ರಗಳ ಮೇಲೆ ಬಿದ್ದಿಲ್ಲ. ತಿಪಟೂರಿನ ಪಕ್ಕದಲ್ಲೇ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದೆಕರೆಯ ಹೊಲದಲ್ಲಿ ಹೆಣ್ಣಾಳೊಬ್ಬಳು ಬಗ್ಗದೆ ನಡೆಸಬಹುದಾದ ಸಲಕರಣೆಯನ್ನು ಬಾಡಿಗೆಗೆ ಕೊಡುವ ಏರ್ಪಾಟು ಹೋಬಳಿಗೊಂದರಂತೆ ಆಗುವುದು ಅಸಾಧ್ಯವೇನಲ್ಲ. ಎರಡನೆಯದಾಗಿ, ಕೊಬ್ಬರಿ ಬಿದ್ದಾಗ ಪ್ರೋತ್ಸಾಹಧನಕ್ಕಾಗಿ ಹೋರಾಡುವ ನಮ್ಮ ಪ್ರತಿನಿಧಿಗಳು, ತೋಟದ ಜೊತೆಗೆ ಒಂದೆಕರೆ ಬೆದ್ದಲನ್ನು ಉಳಿಸಿಕೊಂಡ ರೈತನಿಗೂ ಎಕರೆಯ ಲೆಕ್ಕದಲ್ಲಿ ಏನಾದರೂ ಕೊಡಿಸಬೇಕು. ಐದು ಜನರ ಸಂಸಾರಕ್ಕೆ ವರ್ಷಕ್ಕೆ ಐದಾರು ಕ್ವಿಂಟಲು ರಾಗಿ ಧಾರಾಳವಾಯಿತು, ಒಂದೆಕರೆ ಸಾಕು. ಸೀಮೆಯನ್ನೆಲ್ಲ ರಾಗಿಯ ಹೊಲ ಮಾಡಿರೆಂದು ಯಾರೂ ಕೇಳುತ್ತಿಲ್ಲ.

ತಮ್ಮನಿಗೂ ನನಗೂ ಕೊನೆಗೆ ಒಂದು ಒಪ್ಪಂದವಾಯಿತು. ಅರ್ಧ ಎಕರೆಗೆ ಸಸಿ, ಒಂದೆಕರೆಗೆ ಈ ಮುಂಗಾರಿನಲ್ಲಿ ರಾಗಿ. ಕಳೆಯ ಕೂಲಿ, ಕೊಯ್ಲಿನ ಕೂಲಿ, ಹಂದಿ ಕಾಯುವವನ ಕೂಲಿ ಮೂರೂ ನನ್ನ ಸಂಬಳದಿಂದ. ಸಂಬಳದ ಅಣ್ಣನಿಲ್ಲದ ಮನೆಯವರು ಏನು ಮಾಡಬೇಕೆಂದು ಅವನು ಕೇಳಿದ. ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಮೂರು ಕಡೆಯೂ ಪಕ್ಕದವರ ಹೊಸ ಗುಂಡಿಗಳು, ಮೂವತ್ತಡಿಗೊಂದರಂತೆ, ಸಾಲಾಗಿ ಬಾಯ್ದೆರೆದುಕೊಂಡು ಮಳೆಯನ್ನು ಕಾಯುತ್ತಿವೆ.